ಹಲಗೆಬಂಡಿಯ ಸಾಲಾವಳಿ

ಸಾಲಾವಳಿಯೆಂದೊಡನೆ ವಾಚಕರ ಮನಸ್ಸು ಮದುವೆಯ ಕಡೆಗೆ ಹರಿಯುವುದು ಸಹಜವೇ ಸರಿ. ವರನ ಜಾತಕ ಎಷ್ಟೇ ಉತ್ತಮವಾಗಿರಲಿ, ವಧುವಿನ ಜಾತಕ ಎಷ್ಟೇ ಉತ್ತಮವಾಗಿರಲಿ, ಎರಡನ್ನೂ ಎದುರೆದುರಿಗೆ ಇಟ್ಟು ನೋಡಿದ ಹೊರತು ಹಿರಿಯರು ಮಾತು ಮುಂದುವರಿಸುವುದಿಲ್ಲ. ಜಾತಕದಲ್ಲಿ ನಂಬಿಕೆಯಿರುವವರೂ ಇಲ್ಲದವರೂ ಆ ಎದುರೆದುರಿಗೆ ಇಟ್ಟು ನೋಡುವ ವಿವೇಕವನ್ನಂತೂ ಒಪ್ಪಬಹುದು. ಕಳೆದ ಕೆಲವು ತಿಂಗಳಿಂದ ಈ ವಿವೇಕ ನಮಗೆ ದಿನವೂ ಬೇಕಾಗುತ್ತಿದೆ. ಮನೆಯಲ್ಲಿ ಮದುವೆಯ ಪ್ರಸ್ತಾಪವೇನೂ ಇಲ್ಲ. ನಾಲ್ಕು ಗಾಲಿಯ ಒಂದು ಹಲಗೆಯ ಪ್ರಸ್ತಾಪವುಂಟು.

ನಮ್ಮ ತಂಗಿಯ ಮಗ ನಮ್ಮಲ್ಲಿಯೇ ಇದ್ದುಕೊಂಡು ಎಂಜಿನಿಯರಿಂಗು ಓದುತ್ತಿದ್ದಾನೆ. ವಿದ್ಯುತ್ತಿನಿಂದ ಓಡುವ ಸ್ಕೇಟ್‌ಬೋರ್ಡೊಂದನ್ನು ಸ್ವಂತ ಕೈಯಿಂದ ಕಟ್ಟಬೇಕೆಂಬುದು ಅವನ ಹಂಬಲ. ಅದಕ್ಕೆ ನಾವು ಮನೆಯೊಳಗೆ ಹಲಗೆಬಂಡಿಯೆಂದು ಹೆಸರಿಟ್ಟಿದ್ದೇವೆ. ತಾಯಿಯನ್ನು ಕೇಳಿದ್ದಕ್ಕೆ ಆಕೆ ನೇರವಾಗಿ ನಮಗೇ ಫೋನು ಮಾಡಿ, “ಅಣ್ಣ, ನೀನು ನೋಡಿ ಸರಿಯೆಂದರೆ ಮಾತ್ರ ನಲವತ್ತು ಸಾವಿರ ಕಳಿಸುತ್ತೇನೆ. ಹುಡುಗ ಬಿದ್ದು ಕೈಕಾಲು ಮುರಿದುಕೊಂಡರೆ ನಿನ್ನನ್ನೇ ಕೇಳುತ್ತೇನೆ” ಎಂದಳು. ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳಿದವರಿಗೆ ಮೋಟಾರಿನ ಗೊಡವೆ ಯಾಕೆ ಎಂದು ಕೈತೊಳೆದುಕೊಳ್ಳುವಂತಿರಲಿಲ್ಲ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ತಿಳಿದುಕೊಂಡೆವು.

ಬರಿಯ ಹಲಗೆಯ ಹುಟ್ಟು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ೧೯೫೦ರ ದಶಕದಲ್ಲಿ, ಕಡಲ ಅಲೆಗಳ ಮೇಲೆ ಹಲಗೆ ಹೂಡಿ ಆಡುವ ತರುಣರು ಅಲೆಯಿಲ್ಲದ ದಿನಗಳಲ್ಲಿ ನೆಲದ ಮೇಲೆಯೇ ಆಡಲು ಹಲಗೆಗೆ ಗಾಲಿ ಕಟ್ಟಿದರು. ೧೯೭೦ರ ದಶಕದಲ್ಲಿ ಯುರಿಥೇನಿನ ಮೆತ್ತನೆಯ ಗಾಲಿ ಬಂದಮೇಲೆ ಸಣ್ಣ ಕಲ್ಲಿಗೆ ತಗುಲಿ ಗಾಲಿ ನಿಂತುಹೋಗುವ ಕಷ್ಟ ತಗ್ಗಿತು. ೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆ ಲಿಥಿಯಂ ಅಯಾನು ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ಕಡಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹೊರುವ ಆ ಬ್ಯಾಟರಿಯಿಲ್ಲದಿದ್ದರೆ ಹಲಗೆಯ ಹೊಟ್ಟೆಗೆ ಮೋಟಾರು ಕಟ್ಟುವ ಹವ್ಯಾಸ ಮನೆಮನೆಗೆ ಬರುತ್ತಿರಲಿಲ್ಲ. ಮೋಟಾರನ್ನು ಆಳುವ ಕಂಟ್ರೋಲರನ್ನು ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಎಂಬಾತ ರೂಪಿಸಿ, ಅದರ ನಕ್ಷೆಯನ್ನು ಯಾರು ಬೇಕಾದರೂ ನೋಡಿ ಮಾಡಿಕೊಳ್ಳುವಂತೆ ಲೋಕಕ್ಕೆ ಬಿಟ್ಟುಕೊಟ್ಟನು. ವೆಸ್ಕ್ ಎಂದು ಅದರ ಹೆಸರು. ವಿದ್ಯೆಯನ್ನು ಬಚ್ಚಿಡದ ಇಂಥವರನ್ನು ಕಂಡರೆ ಮೇಷ್ಟರಾಗಿದ್ದ ನಮಗೆ ಸಂತೋಷ.

ಹುಡುಗ ಬರೆದುಕೊಂಡು ಬಂದ ಪಟ್ಟಿಯಲ್ಲಿ ಪ್ರತಿಯೊಂದು ಭಾಗವೂ ತನ್ನ ಜಾತಿಯಲ್ಲಿ ಶ್ರೇಷ್ಠವಾದುದೇ ಆಗಿತ್ತು. ಅದೇ ನಮಗೆ ಸಂಶಯ ಹುಟ್ಟಿಸಿತು. ಪದಗಳು ಸೇರಿ ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರು ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುವರು. ಬೆಂಕಿಯಿಂದ ಗಿಡವನ್ನು ತೋಯಿಸಿದನೆಂದರೆ ವಿಭಕ್ತಿಯಲ್ಲಿ ತಪ್ಪಿಲ್ಲ, ಆದರೆ ಬೆಂಕಿಗೆ ತೋಯಿಸುವ ಯೋಗ್ಯತೆಯಿಲ್ಲ. ಹುಡುಗನ ಪಟ್ಟಿಯಲ್ಲಿಯೂ ಇಂಥ ವಾಕ್ಯಗಳು ಎರಡು ಮೂರು ಇದ್ದವು.

ಮೊದಲನೆಯದು ಬಿದಿರಿನ ಹಲಗೆ. ಕಾಲಿಟ್ಟರೆ ತೊಟ್ಟಿಲಿನಂತೆ ಬಳುಕುವುದು. ರಸ್ತೆಯ ಕುಲುಕಾಟ ಮೈಗೆ ತಿಳಿಯದು. ಆದರೆ ಅದರ ಅಡಿಗೆ ಕಟ್ಟಬೇಕೆಂದಿದ್ದುದು ಉದ್ದವಾದ ಒಂದೇ ಬ್ಯಾಟರಿ ಪೆಟ್ಟಿಗೆ. ಒಳಗಣ ಕೋಶಗಳನ್ನು ತೆಳುವಾದ ನಿಕ್ಕಲ್ ಪಟ್ಟಿಗಳಿಂದ ಬೆಸೆದಿರುತ್ತಾರೆ. ಹಲಗೆ ಬಾಗಿದಾಗಲೆಲ್ಲ ಆ ಬೆಸುಗೆಯೂ ಬಾಗಬೇಕು. ಸಾವಿರ ಸಲ ಬಾಗಿದಮೇಲೆ ಒಂದು ಬೆಸುಗೆ ಬಿಡಬಹುದು, ಅಥವಾ ಹೊದಿಕೆ ಸವೆದು ಲೋಹಕ್ಕೆ ಲೋಹ ತಾಗಬಹುದು. ಹಲಗೆಗೂ ದೋಷವಿಲ್ಲ, ಪೆಟ್ಟಿಗೆಗೂ ದೋಷವಿಲ್ಲ. ಅವೆರಡರ ಸಂಬಂಧ ಮಾತ್ರ ಕೂಡದು. ಬಳುಕದ ಮೇಪಲ್ ಹಲಗೆಯನ್ನು ಗೊತ್ತುಮಾಡಿದೆವು. ಅದಕ್ಕೆ ಬೆಲೆಯೂ ಕಡಮೆಯಾಯಿತು.

ಎರಡನೆಯದು ವೇಗ. ಮೋಟಾರಿನ ಮೇಲೆ ೧೯೦ ಎಂದು ಬರೆದಿದ್ದರೆ, ಒಂದು ವೋಲ್ಟಿಗೆ ನಿಮಿಷಕ್ಕೆ ೧೯೦ ಸುತ್ತು ಎಂದರ್ಥ. ಹತ್ತು ಕೋಶಗಳನ್ನು ಸಾಲಾಗಿ ಜೋಡಿಸಿದರೆ ೩೬ ವೋಲ್ಟು. ಎರಡನ್ನೂ ಗುಣಿಸಿದರೆ ೬೮೪೦ ಸುತ್ತು. ಮೋಟಾರಿನ ರಾಟೆಗೆ ೧೫ ಹಲ್ಲು, ಗಾಲಿಯ ರಾಟೆಗೆ ೩೬ ಹಲ್ಲು ಇರುವುದರಿಂದ ಗಾಲಿಗೆ ಬರುವುದು ೨೮೫೦ ಸುತ್ತು. ಗಾಲಿಯ ಅಡ್ಡಳತೆ ೯೦ ಮಿಲಿಮೀಟರು. ಸುತ್ತಳತೆಯಿಂದ ಗುಣಿಸಿ ಗಂಟೆಗೆ ತಂದರೆ ೪೮ ಕಿಲೋಮೀಟರು! ಮೊದಲ ಸಲ ಹಲಗೆಯ ಮೇಲೆ ನಿಲ್ಲುವ ಹುಡುಗನಿಗೆ ಸ್ಕೂಟರಿನ ವೇಗ. “ಮಾವ, ಅಷ್ಟು ಜೋರಾಗಿ ನಾನು ಬಿಡುವುದಿಲ್ಲ” ಎಂದನು. ಬಿಡುವುದಿಲ್ಲವಾದರೆ ಕೊಳ್ಳುವುದೇತಕ್ಕೆ? ೧೪೦ರ ಮೋಟಾರನ್ನು ಹಿಡಿದರೆ ಅದೇ ಲೆಕ್ಕ ೩೫ ಚಿಲ್ಲರೆಗೆ ಇಳಿಯುವುದು. ಆಳಿನ ಭಾರ, ಗಾಳಿಯ ತಡೆ ಇವುಗಳಿಂದ ಇನ್ನೂ ಇಳಿಯುವುದು. ಕಂಟ್ರೋಲರಿನಲ್ಲಿ ೨೫ಕ್ಕೆ ಕಟ್ಟುಹಾಕಬಹುದು. ಸುತ್ತು ಕಡಮೆಯಾದ ಮೋಟಾರು ಅಷ್ಟೇ ಆಂಪಿಯರಿಗೆ ಹೆಚ್ಚು ತಿರುಚುಬಲವನ್ನು ಕೊಡುವುದರಿಂದ ನಷ್ಟವೇನೂ ಇಲ್ಲ.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇವೆ. ಬಂಡಿಯನ್ನು ಓಡಿಸುವುದು ಹೇಗೆಂಬುದನ್ನು ಹುಡುಗ ಪುಟಗಟ್ಟಲೆ ಬರೆದಿದ್ದನು. ನಿಲ್ಲಿಸುವುದು ಹೇಗೆಂದು ಕೇಳಿದಾಗ, “ಅದಕ್ಕೆ ಬೇರೆ ಭಾಗ ಬೇಕಿಲ್ಲ ಮಾವ, ಮೋಟಾರೇ ನಿಲ್ಲಿಸುತ್ತದೆ” ಎಂದನು. ಮಾತು ನಿಜವೇ. ಬ್ರೇಕು ಒತ್ತಿದಾಗ ಮೋಟಾರು ಡೈನಮೋ ಆಗುವುದು. ಗಾಲಿಯ ವೇಗವನ್ನು ವಿದ್ಯುತ್ತಾಗಿ ಮಾಡಿ ಬ್ಯಾಟರಿಗೆ ಹಿಂದಿರುಗಿಸುವುದು. ಹಾಗಾದರೆ ಬ್ರೇಕಿನ ಬಲ ಬ್ಯಾಟರಿಗೆ ಎಷ್ಟನ್ನು ನುಂಗಲು ಶಕ್ತಿಯಿದೆಯೋ ಅಷ್ಟೇ ಎಂದಾಯಿತು. ಕೊಡುವ ಶಕ್ತಿಯನ್ನು ಎಲ್ಲರೂ ನೋಡುವರು, ತೆಗೆದುಕೊಳ್ಳುವ ಶಕ್ತಿಯನ್ನು ಯಾರೂ ವಿಚಾರಿಸರು.

ಹುಡುಗ ಆರಿಸಿದ ಕೋಶ ೩೦೦೦ ಮಿಲಿಆಂಪಿಯರ್ ಗಂಟೆಯದು. ಬಿಡುವಾಗ ೧೫ ಆಂಪಿಯರು ಬಿಡಬಲ್ಲುದು, ತುಂಬಿಸುವಾಗ ೪ ಆಂಪಿಯರಿಗಿಂತ ಹೆಚ್ಚಾಗಿ ತುಂಬಿಸಲಾಗದು. ಹತ್ತು ಕೋಶದ ಸಾಲು ಮೂರೆಂದು ಅವನ ಯೋಜನೆ. ಓಡಿಸಲು ೪೫ ಆಂಪಿಯರು, ಬೇಕಾದಷ್ಟಾಯಿತು. ನಿಲ್ಲಿಸಲು ಹನ್ನೆರಡೇ. ಆಳೂ ಬಂಡಿಯೂ ಸೇರಿ ೭೫ ಕಿಲೋ ಎಂದಿಟ್ಟುಕೊಂಡು, ಗಂಟೆಗೆ ೨೫ ಕಿಲೋಮೀಟರು ವೇಗದಿಂದ ಮೂರು ಸೆಕೆಂಡಿನಲ್ಲಿ ನಿಲ್ಲಬೇಕಾದರೆ ಸರಾಸರಿ ೬೦೦ ವಾಟು ಹಿಂದಕ್ಕೆ ಬರುವುದು. ೩೬ ವೋಲ್ಟಿಗೆ ಭಾಗಿಸಿದರೆ ೧೬ರ ಮೇಲೆ. ಒಂದಷ್ಟು ಶಾಖವಾಗಿ ಹೋಗುವುದಾದರೂ, ಮೊದಲ ಕ್ಷಣದಲ್ಲಿ ಸರಾಸರಿಗಿಂತ ಹೆಚ್ಚು ಬರುವುದನ್ನು ಮರೆಯುವಂತಿಲ್ಲ. ಸಾಲು ನಾಲ್ಕಾದರೆ ನುಂಗುವ ಶಕ್ತಿ ೧೬ ಆಂಪಿಯರು. ಅಂದಿನಿಂದ ಮೂರು ಸಾಲಿನ ಮಾತು ನಿಂತಿತು. ಹತ್ತು ಕೋಶ ಹೆಚ್ಚಿ, ಅರ್ಧ ಕಿಲೋದಷ್ಟು ಭಾರ ಹೆಚ್ಚಿ, ೩೨೪ ವಾಟ್‌ಗಂಟೆಯ ಬ್ಯಾಟರಿ ೪೩೨ ಆಯಿತು.

ಇಷ್ಟಕ್ಕೆ ಮುಗಿಯಲಿಲ್ಲ. ನಮ್ಮ ಮನೆಯಿರುವುದು ಬಡಾವಣೆಯ ಮೇಲ್ತುದಿಯಲ್ಲಿ. ಗೇಟಿನ ಒಳಗೆ, ಬಡಾವಣೆಯವರದೇ ಆದ ಹಾದಿ. ಮನೆಯ ಮೆಟ್ಟಿಲಿನಿಂದಲೇ ಇಳಿಜಾರು. ರಾತ್ರಿ ಪೂರಾ ತುಂಬಿಸಿದ ಬ್ಯಾಟರಿಯೊಡನೆ ಹುಡುಗ ಬೆಳಗ್ಗೆ ಹೊರಟನೆನ್ನಿ. ಮೊದಲು ಮಾಡುವ ಕೆಲಸವೇ ಬ್ರೇಕು ಒತ್ತುವುದು. ಕಂಠಮಟ್ಟ ಉಂಡವನಿಗೆ ಇನ್ನೊಂದು ತುತ್ತು ಇಕ್ಕಿದಂತೆ. ಬ್ಯಾಟರಿಯನ್ನು ಕಾಯುವ ಬಿ.ಎಂ.ಎಸ್. ಎಂಬ ಫಲಕವುಂಟು, ಕೋಶದಲ್ಲಿ ೪.೨ ವೋಲ್ಟು ಮೀರಿತೆಂದು ಕಂಡರೆ ಅದು ಬಾಗಿಲು ಹಾಕಿಕೊಳ್ಳುವುದು. ಬ್ಯಾಟರಿ ಉಳಿಯುವುದು, ಆದರೆ ಬ್ರೇಕು ಹೋಗುವುದು. ಹೋಗಲು ಎಡೆಯಿಲ್ಲದ ವಿದ್ಯುತ್ತು ಕಂಟ್ರೋಲರನ್ನೂ ಸುಡಬಹುದು. ಇಳಿಜಾರಿನ ನಡುವೆ, ಗೇಟಿನ ಮುಂದೆ! ಈ ಸಂಗತಿ ತಿಳಿದ ದಿನ ನಮ್ಮ ಮನೆಯಾಕೆ, “ಮನೆಯನ್ನೂ ಜಾತಕಕ್ಕೆ ಸೇರಿಸಿಕೊಳ್ಳಿ” ಎಂದದ್ದು ಸರಿಯಾಗಿಯೇ ಇತ್ತು.

ಪರಿಹಾರ ಕಷ್ಟದ್ದಲ್ಲ. ಹನ್ನೆರಡು ಮೀಟರು ಎತ್ತರದಿಂದ ೭೫ ಕಿಲೋ ಇಳಿದರೆ ಬರುವ ಒಟ್ಟು ಶಕ್ತಿ ಎರಡೂವರೆ ವಾಟ್‌ಗಂಟೆಯೊಳಗೆ. ೪೩೨ರ ಮುಂದೆ ಅದು ನೂರಕ್ಕೆ ಒಂದು ಪಾಲೂ ಅಲ್ಲ. ಹಂಡೆಯನ್ನು ಅಂಚಿನವರೆಗೆ ತುಂಬಿಸದೆ ನಾಲ್ಕು ಬೆರಳು ಬಿಟ್ಟರೆ ಸಾಕು. ೪೨ ವೋಲ್ಟಿನ ಬದಲು ೪೧ಕ್ಕೆ ನಿಲ್ಲುವಂತೆ ಹೊಂದಿಸಬಹುದಾದ ಚಾರ್ಜರನ್ನು ಪಟ್ಟಿಗೆ ಸೇರಿಸಿದೆವು. ಮೊದಲ ತಿಂಗಳು ಇಳಿಜಾರನ್ನು ಹಲಗೆ ಕಂಕುಳಲ್ಲಿಟ್ಟುಕೊಂಡು ನಡೆದೇ ಇಳಿಯತಕ್ಕದ್ದೆಂದು ನಮ್ಮ ಕಡೆಯಿಂದ ಒಂದು ಷರತ್ತು.

ಬ್ರೇಕಿನ ಕಾರಣದಿಂದಲೇ ಒಂದು ಮೋಟಾರು ಎರಡಾಯಿತು. ಒಂದೇ ಮೋಟಾರಿದ್ದು ಅದರ ಬೆಲ್ಟು ಹರಿದರೆ ನಿಲ್ಲಿಸುವ ಸಾಧನವೇ ಇಲ್ಲ. ಎರಡಿದ್ದರೆ ಇನ್ನೊಂದು ಉಳಿದಿರುತ್ತದೆ. ಎರಡಾದಾಗ ಸನ್ನಿಧಿಯ ತೊಡಕು ಬಂತು. ೭೪ ಮಿಲಿಮೀಟರು ಉದ್ದದ ಎರಡು ಮೋಟಾರುಗಳು ೧೮೪ ಮಿಲಿಮೀಟರಿನ ಅಚ್ಚಿನ ಮೇಲೆ, ತಮ್ಮ ಹಿಡಿಕೆ ರಾಟೆಗಳೊಡನೆ, ಒಂದರ ಪಕ್ಕದಲ್ಲೊಂದು ಕೂರಲಾರವು. ೫೪ ಮಿಲಿಮೀಟರಿನ ಮೋಟಾರುಗಳನ್ನೂ ೨೧೮ರ ಅಗಲವಾದ ಅಚ್ಚನ್ನೂ ಆರಿಸಿದೆವು. ಮಿಕ್ಕ ಸಣ್ಣಪುಟ್ಟ ಹೊಂದಾಣಿಕೆಗಳನ್ನು ಬೇಗನೆ ಹೇಳಿಬಿಡಬಹುದು: ರಾಟೆಯ ತೂತೂ ಮೋಟಾರಿನ ಕಡ್ಡಿಯೂ ೮ ಮಿಲಿಮೀಟರು, ಬೆಲ್ಟಿನ ಹಲ್ಲಿನಿಂದ ಹಲ್ಲಿಗೆ ೫ ಮಿಲಿಮೀಟರು ಇದ್ದರೆ ರಾಟೆಯದೂ ಅಷ್ಟೇ ಇರಬೇಕು, ಮೋಟಾರಿನ ಹಿಡಿಕೆ ಅಚ್ಚಿನ ಆಕಾರಕ್ಕೆ ಸರಿಯಾಗಿ ಕಚ್ಚಬೇಕು. ಬೇರಿಂಗು ಮಾತ್ರ ಲೋಕಕ್ಕೆಲ್ಲ ಒಂದೇ ಅಳತೆ, ೬೦೮ ಎಂದರೆ ಎಲ್ಲಿಯೂ ಸಿಕ್ಕುವುದು.

ಕೋಶಗಳ ವಿಷಯದಲ್ಲಿ ಗೃಹಸ್ಥರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಹುಡುಗ ಪರೀಕ್ಷೆಗೆಂದು ಒಂದು ಕಡೆಯಿಂದ ನಾಲ್ಕು ಕೋಶ ತರಿಸಿದ್ದನು. ಮೇಲೆ ೯೯೦೦ ಮಿಲಿಆಂಪಿಯರ್ ಗಂಟೆ ಎಂಬ ಅಚ್ಚು. ಬೆರಳುದ್ದದ ಆ ಅಳತೆಯ ಕೋಶದಲ್ಲಿ ಅಷ್ಟನ್ನು ಹಿಡಿಸುವುದು ಇಂದಿಗೂ ಸಾಧ್ಯವಾಗಿಲ್ಲ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ನೋಡಿಸಿದೆವು. ನಿಜವಾದ ಕೋಶ ೪೫ರಿಂದ ೪೮ ಗ್ರಾಮು ತೂಗುವುದು. ಇವು ೩೩ಕ್ಕೆ ನಿಂತವು. “ಇದು ಗಿಲೀಟು ಸ್ವಾಮಿ” ಎಂದು ಅಕ್ಕಸಾಲಿಗರು ನಕ್ಕರು. ಒಳ್ಳೆಯ ಕೋಶಗಳನ್ನು ತಂದಮೇಲೆಯೂ ಬೆಸೆಯುವ ಕೆಲಸವನ್ನು ಮನೆಯಲ್ಲಿ ಮಾಡಕೂಡದೆಂದು ಖಂಡಿತವಾಗಿ ಹೇಳಿದ್ದೇವೆ. ಬಿಸಿ ತಾಗಿದರೆ ಕೋಶ ಕೆಡುವುದು, ಕೆಟ್ಟ ಕೋಶ ಹೊತ್ತಿಕೊಳ್ಳುವುದು. ಸ್ಪಾಟ್ ವೆಲ್ಡಿಂಗಿನ ಯಂತ್ರವಿಟ್ಟುಕೊಂಡು ಇದನ್ನೇ ಕಸುಬಾಗಿ ಮಾಡುವವರಿಗೆ ಒಪ್ಪಿಸಿದ್ದಾಯಿತು. ದುಬಾಯಿಯಲ್ಲಿರುವ ಹುಡುಗನ ಚಿಕ್ಕಪ್ಪ, ಬರುವಾಗ ಅಲ್ಲಿಂದಲೇ ಕಟ್ಟಿದ ಬ್ಯಾಟರಿ ತರುತ್ತೇನೆಂದು ಉತ್ಸಾಹ ತೋರಿಸಿದರು. ೧೬೦ ವಾಟ್‌ಗಂಟೆ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲವೆಂದು ಬರೆದು, ಮೋಟಾರುಗಳನ್ನು ಮಾತ್ರ ಅವರಿಂದ ತರಿಸಿದೆವು.

ಇಂಥ ಬಂಡಿಯನ್ನು ಊರ ರಸ್ತೆಗೆ ಒಯ್ಯುವ ಆಸೆಯನ್ನೂ ಹುಡುಗ ಬಿಟ್ಟಿದ್ದಾನೆ. ನಮ್ಮ ದೇಶದ ಮೋಟಾರು ವಾಹನದ ನಿಯಮಗಳು ರಿಯಾಯಿತಿ ತೋರಿಸುವುದು ೨೫೦ ವಾಟಿಗೆ ಕಡಮೆಯಾದ ಬ್ಯಾಟರಿ ಗಾಡಿಗಳಿಗೆ. ಇವನ ಮೋಟಾರುಗಳು ಅದನ್ನು ಬಹಳವಾಗಿ ಮೀರುವುವು. ಗೇಟಿನ ಒಳಗಣ ಸಮತಟ್ಟಾದ ಹಾದಿಯೇ ಗತಿ.

ತಂಗಿಗೆ ಇಷ್ಟನ್ನೂ ಬರೆದು ಕಳುಹಿಸಿದೆವು. “ಲೆಕ್ಕ ನನಗೆ ತಿಳಿಯಲಿಲ್ಲ ಅಣ್ಣ, ನಡೆದೇ ಇಳಿಯಬೇಕೆಂದು ಬರೆದಿದ್ದೀಯಲ್ಲ, ಅದು ತಿಳಿಯಿತು” ಎಂದು ಹೇಳಿ ಹಣ ಕಳುಹಿಸಿದ್ದಾಳೆ. ಶಿರಸ್ತ್ರಾಣವೂ ಮೊಣಕೈ ಮೊಣಕಾಲಿನ ಕಾಪುಗಳೂ ಮೊದಲು ಬಂದವು. ಬ್ಯಾಟರಿಯನ್ನು ತುಂಬಿಸಲು ಜಗಲಿಯ ಕಲ್ಲುಹಾಸಿನ ಮೂಲೆಯನ್ನು ತೆರವುಮಾಡಿ, ಅಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಒಳಗೆ ಸಾಗಿಸಿದ್ದೇವೆ. ಗಾಲಿಗೆ ಕೂಡುವ ರಾಟೆ ಮಾತ್ರ ಇನ್ನೂ ಬಂದಿಲ್ಲ. ಮೊದಲು ಬಂದ ಜೋಡಿ ಬೇರೆ ಬಗೆಯ ಗಾಲಿಯದಾಗಿದ್ದುದರಿಂದ ಹಿಂದಕ್ಕೆ ಕಳುಹಿಸಿ ಕಾಯುತ್ತಿದ್ದೇವೆ.