ನಾಲ್ವರ ಆಟ, ಒಬ್ಬನ ಅಂಕ

ಬಂಡಳ್ಳಿಯಲ್ಲಿ ಸಂಜೆ ಆರರ ಮೇಲೆ ಹೈಸ್ಕೂಲು ಹುಡುಗರನ್ನು ಹುಡುಕಲು ಹೆಸರು ಹಿಡಿದು ಕೂಗಬೇಕಾಗಿಲ್ಲ. ಮೊಬೈಲ್ ಸಿಗ್ನಲ್ ಯಾವ ಜಗಲಿಯ ಮೇಲೆ ಚೆನ್ನಾಗಿ ಸಿಗುತ್ತದೆಯೋ ಅಲ್ಲಿ ಹೋಗಿ ನೋಡಿದರೆ ಸಾಕು. ನಾಲ್ಕು ತಲೆಗಳು ನಾಲ್ಕು ಫೋನುಗಳ ಮೇಲೆ ಬಾಗಿರುತ್ತವೆ. ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ, ಆದರೆ ಮಾತು ಮಾತ್ರ ನಿಲ್ಲುವುದಿಲ್ಲ. "ಬಲಗಡೆ ಮನೆ ಹಿಂದ್ಗಡೆ ಇಬ್ರವ್ರೆ", "ನಾನ್ ಬಿದ್ದೆ ಕನ್ಲಾ, ಬಂದು ಎತ್ತು", "ತಡಿ, ಗೋಡೆ ಹಾಕ್ತೀನಿ". ದಾರಿಯಲ್ಲಿ ಹೋಗುವ ಹಿರಿಯರಿಗೆ ಇದೊಂದು ಒಗಟು. ಕೂತಲ್ಲೇ ಕೂತಿರುವವನು ಬಿದ್ದದ್ದಾದರೂ ಎಲ್ಲಿ?

ಆಟದ ಹೆಸರು ಫ್ರೀ ಫೈರ್. ಸಿಂಗಪುರದ ಗರೇನಾ ಕಂಪನಿ ಇದನ್ನು ಹೊರತಂದದ್ದು 2017ರಲ್ಲಿ. 2022ರ ಫೆಬ್ರವರಿಯಲ್ಲಿ ಭಾರತ ಸರ್ಕಾರ ನಿಷೇಧಿಸಿದ 54 ಆ್ಯಪ್‌ಗಳ ಪಟ್ಟಿಯಲ್ಲಿ ಇದೂ ಇತ್ತು. ಆದರೆ ಇದರದೇ ಇನ್ನೊಂದು ರೂಪವಾದ ಫ್ರೀ ಫೈರ್ ಮ್ಯಾಕ್ಸ್ ಉಳಿದುಕೊಂಡಿತು, ಹುಡುಗರು ಅತ್ತ ಸಾಗಿದರು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಂತಾಗಲೂ ಆದದ್ದು ಇಂಥದೇ. ಒಂದು ಬಾಗಿಲು ಮುಚ್ಚಿದರೆ ಹುಡುಗರಿಗೆ ಇನ್ನೊಂದು ಬಾಗಿಲು ದೊಡ್ಡವರಿಗಿಂತ ಮೊದಲು ಗೊತ್ತಾಗಿರುತ್ತದೆ. ಹೆಚ್ಚು ಬೆಲೆಯ ಫೋನು ಬೇಡದೆ ಓಡುವ ಆಟವಾದ್ದರಿಂದ ಹಳ್ಳಿಗಳಲ್ಲಿ ಇದು ಬೇಗ ನೆಲೆಯೂರಿತು. ಅದೇ 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಫೋನಿಗೆ ಬಂದಾಗ ಸಾಲ ಸೋಲ ಮಾಡಿ ತಂದ ಫೋನುಗಳು ಪಾಠ ಮತ್ತೆ ಶಾಲೆಗೆ ಹೋದ ಮೇಲೂ ಮನೆಯಲ್ಲೇ ಉಳಿದವು.

ಆಟದ ಕಟ್ಟುಪಾಡು ಸರಳ. ಒಂದು ದ್ವೀಪದ ಮೇಲೆ ಐವತ್ತು ಜನ ಇಳಿಯುತ್ತಾರೆ. ಬಂದೂಕು, ಮದ್ದು, ಔಷಧ ಎಲ್ಲವನ್ನೂ ಅಲ್ಲಲ್ಲೇ ಹುಡುಕಿಕೊಳ್ಳಬೇಕು. ಆಡುವ ಬಯಲು ಗಳಿಗೆ ಗಳಿಗೆಗೂ ಕಿರಿದಾಗುತ್ತ ಬರುತ್ತದೆ, ಕೊನೆಗೆ ಉಳಿದವರು ಗೆದ್ದವರು. ನಾಲ್ವರ ತಂಡವಾಗಿಯೂ ಆಡಬಹುದು, ಅದಕ್ಕೆ ಸ್ಕ್ವಾಡ್ ಎನ್ನುತ್ತಾರೆ. ತಂಡದ ಒಬ್ಬನಿಗೆ ಏಟು ಬಿದ್ದು ಜೀವ ಸೊನ್ನೆಯಾದರೆ ಅವನು ತಕ್ಷಣ ಆಟದಿಂದ ಹೊರಹೋಗುವುದಿಲ್ಲ. ಮಂಡಿಯೂರಿ ತೆವಳುತ್ತಿರುತ್ತಾನೆ. ಅಷ್ಟರಲ್ಲಿ ಜೊತೆಗಾರನೊಬ್ಬ ಪಕ್ಕಕ್ಕೆ ಬಂದು ಕೆಲವು ಸೆಕೆಂಡು ನಿಂತರೆ ಬಿದ್ದವನು ಮತ್ತೆ ಎದ್ದು ನಿಲ್ಲುತ್ತಾನೆ. ಆ ಕೆಲವು ಸೆಕೆಂಡುಗಳಲ್ಲಿ ಎತ್ತುವವನ ಕೈಯಲ್ಲಿ ಬಂದೂಕು ಇರುವುದಿಲ್ಲ. ಈ ಬರಹದ ತಕರಾರೆಲ್ಲ ಆ ಕೆಲವು ಸೆಕೆಂಡಿನದು.

ಜಗಲಿಯ ನಾಲ್ವರಿಗೆ ನಾಯಕನಾದವನು ಹತ್ತನೆಯ ತರಗತಿಯ ಹುಡುಗ. ಅಪ್ಪನಿಗೆ ಕಾಡಿನಂಚಿನಲ್ಲಿ ರಾಗಿ ಹೊಲ, ಅದರ ಪಕ್ಕಕ್ಕೆ ಒಂದಿಷ್ಟು ಹಿಪ್ಪುನೇರಳೆ. ಹುಡುಗ ಓದಿನಲ್ಲಿ ಮುಂದೂ ಅಲ್ಲ, ಹಿಂದೂ ಅಲ್ಲ. ಆದರೆ ಅವನ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವನ ತಲೆ ಎಷ್ಟು ಚುರುಕು ಎಂಬುದಕ್ಕೆ ಸಾಕ್ಷಿಯಿತ್ತು. ನಾಲ್ಕು ಹೆಸರು, ಎದುರಿಗೆ ನಾಲ್ಕು ಪಾತ್ರ, ಅದರ ಮುಂದೆ ಯಾರು ಮೊದಲು ನುಗ್ಗಬೇಕು, ಯಾರು ಹಿಂದೆ ಉಳಿಯಬೇಕು, ಯಾರ ಚೀಲದಲ್ಲಿ ಎಷ್ಟು ಔಷಧ ಇರಬೇಕು ಎಂಬ ಪಟ್ಟಿ.

ಈ ಪಾತ್ರಗಳ ವಿಚಾರ ಪೋಷಕರಿಗೆ ತಿಳಿದಿದ್ದರೆ ಒಳ್ಳೆಯದು, ಏಕೆಂದರೆ ಮಕ್ಕಳ ತಲೆ ಕೆಲಸ ಮಾಡುವುದು ಇಲ್ಲಿಯೇ. ಆಟದಲ್ಲಿ ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ಶಕ್ತಿ. ಕೆಲ್ಲಿ ಎಂಬುವಳು ಓಟಗಾರ್ತಿ, ಉಳಿದವರಿಗಿಂತ ಬೇಗ ಓಡುತ್ತಾಳೆ. ಮೊಕೊ ಗುಂಡು ತಗುಲಿಸಿದ ಶತ್ರುವಿನ ಮೇಲೆ ಗುರುತು ಬೀಳುತ್ತದೆ, ಆ ಗುರುತು ತಂಡದವರಿಗೆಲ್ಲ ಕಾಣುತ್ತದೆ. ಬ್ರೆಜಿಲ್ ದೇಶದ ಸಂಗೀತಗಾರನೊಬ್ಬನ ಹೆಸರನ್ನೇ ಹೊತ್ತ ಆಲೋಕ್ ತನ್ನ ಸುತ್ತಲಿದ್ದವರಿಗೆ ಸ್ವಲ್ಪ ಹೊತ್ತು ಜೀವ ತುಂಬುತ್ತಾನೆ. ನಟ ಹೃತಿಕ್ ರೋಷನ್ ಅವರನ್ನು ನೋಡಿ ಮಾಡಿದ ಜೈ ಎಂಬ ಪಾತ್ರವೂ 2020ರಲ್ಲಿ ಬಂತು. ತಾನು ಆರಿಸಿಕೊಂಡ ಪಾತ್ರದ ಶಕ್ತಿಯ ಜೊತೆಗೆ ಬೇರೆ ಪಾತ್ರಗಳ ಶಕ್ತಿಯನ್ನೂ ಎರವಲು ತಂದು ಸೇರಿಸಿಕೊಳ್ಳಬಹುದು. ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬ ಲೆಕ್ಕ ಇಲ್ಲಿಂದ ಬೆಳೆಯುತ್ತದೆ. ಕಂಪನಿ ಈ ಶಕ್ತಿಗಳನ್ನು ಆಗಾಗ ತಿದ್ದುತ್ತಲೂ ಇರುತ್ತದೆ, ಆದ್ದರಿಂದ ಕಳೆದ ಬಾರಿಯ ಲೆಕ್ಕ ಈ ಬಾರಿಗೆ ನಡೆಯುವುದಿಲ್ಲ.

ಶುರುವಿನಲ್ಲಿ ನಾಲ್ವರಿಗೂ ಆಲೋಕನೇ ಬೇಕಾಗಿತ್ತು. ಹಾರ್ಮೋನಿಯಂ ನುಡಿಸುವವರೇ ನಾಲ್ಕು ಜನ ಇರುವ ಭಜನೆ ಮೇಳದಂತಾಯಿತು ತಂಡ. ತಾಳ ಹಾಕುವವನಿಲ್ಲ, ಪದ ಎತ್ತಿಕೊಡುವವನಿಲ್ಲ. ಸೋತು ಸೋತು ಹುಡುಗನಿಗೆ ಅರ್ಥವಾದದ್ದು ಇಷ್ಟು: ತಂಡದ ಬಲ ನಾಲ್ವರ ಬಲದ ಮೊತ್ತವಲ್ಲ, ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿ ಇರಬೇಕು. ಹಾಗೆ ನೋಡಿದರೆ ಇದು ಫೋನಿನ ಜೊತೆ ಬಂದ ತಿಳಿವಳಿಕೆಯೇನಲ್ಲ. ಕರ್ನಾಟಕದ ಎಷ್ಟೋ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಆಡು ಹುಲಿ ಆಟದ ಮನೆಗಳನ್ನು ಗೀರಿಟ್ಟಿದ್ದಾರೆ. ಮೂರು ಹುಲಿ, ಹದಿನೈದು ಆಡು. ಒಂದು ಆಡಿಗೆ ಹುಲಿಯ ಮುಂದೆ ಏನೂ ಶಕ್ತಿಯಿಲ್ಲ. ಆದರೆ ಆಡುಗಳು ಒಂದರ ಬೆನ್ನಿಗೊಂದು ನಿಂತರೆ ಹುಲಿ ಅಲುಗಾಡುವಂತಿಲ್ಲ. ಅಲ್ಲಿ ಯಾವ ಆಡು ಹುಲಿಯನ್ನು ಕಟ್ಟಿತು ಎಂದು ಯಾರೂ ಕೇಳುವುದಿಲ್ಲ.

ಫೋನಿನ ಆಟ ಕೇಳುತ್ತದೆ. ಪ್ರತಿಯೊಬ್ಬನ ಹೆಸರಿನ ಹಿಂದೆ ಅಂಕಿಅಂಶದ ಒಂದು ಪುಟವಿದೆ. ಅದರಲ್ಲಿ ಹುಡುಗರು ಜೀವಕ್ಕಿಂತ ಹೆಚ್ಚಾಗಿ ಕಾಯುವುದು ಕೆ.ಡಿ. ಎಂಬ ಸಂಖ್ಯೆಯನ್ನು. ಕೊಂದದ್ದನ್ನು ಸತ್ತದ್ದರಿಂದ ಭಾಗಿಸಿದರೆ ಬರುವುದು ಅದು. (ಕೊಲ್ಲುವ ಮಾತನ್ನು ಮಕ್ಕಳ ಬಾಯಲ್ಲಿ ಕೇಳಿ ತಾಯಂದಿರ ಎದೆ ಝಲ್ಲೆನ್ನುವುದು ಸಹಜ. ಹುಡುಗರಿಗೆ ಮಾತ್ರ ಅದು ಕಬಡ್ಡಿಯಲ್ಲಿ ಔಟಾದಷ್ಟೇ.) ಮೊಕೊ ಹಿಡಿದವನು ಗುರುತು ಹಾಕಿ ತೋರಿಸಿದ ಶತ್ರುವನ್ನು ಇನ್ನೊಬ್ಬ ಕೆಡವಿದರೆ ಲೆಕ್ಕ ಕೆಡವಿದವನಿಗೆ ಹೋಗುತ್ತದೆ. ಎಷ್ಟು ಜನರನ್ನು ಎತ್ತಿ ನಿಲ್ಲಿಸಿದೆ ಎಂಬುದಕ್ಕೆ ಶಾಲೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. "ನಿನ್ ಕೆ.ಡಿ. ಎಷ್ಟ್ಲಾ?" ಎಂಬುದೊಂದೇ ಪ್ರಶ್ನೆ.

ನಾಯಕನ ಕೆ.ಡಿ. ಮೂರು ಇತ್ತು. 30 ಸಲ ಸತ್ತು 90 ಜನರನ್ನು ಕೆಡವಿದ್ದ. ಅವನ ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕವಿತ್ತು: ಮುಂದಿನ ಹತ್ತು ಪಂದ್ಯಗಳಲ್ಲಿ ಹತ್ತು ಸಲ ಸತ್ತು, ಪಂದ್ಯಕ್ಕೊಬ್ಬನಂತೆ ಹತ್ತು ಜನರನ್ನು ಮಾತ್ರ ಕೆಡವಿದರೆ ಏನಾಗುತ್ತದೆ? 100ನ್ನು 40ರಿಂದ ಭಾಗಿಸಿದರೆ ಎರಡೂವರೆ. ಮತ್ತೆ ಮೂರಕ್ಕೆ ಏರಬೇಕಾದರೆ ಒಂದು ಸಲವೂ ಸಾಯದೆ ಇನ್ನೂ 20 ಜನರನ್ನು ಕೆಡವಬೇಕು. ಲೆಕ್ಕ ಸರಿಯಾಗಿತ್ತು. ಸರಾಸರಿ ಇಳಿಯುವುದು ಎಷ್ಟು ಸುಲಭ, ಏರುವುದು ಎಷ್ಟು ಕಷ್ಟ ಎಂಬುದನ್ನು ಶಾಲೆಯ ಪಾಠಕ್ಕಿಂತ ಚೆನ್ನಾಗಿ ಅವನು ಇಲ್ಲಿ ಕಲಿತಿದ್ದ. ಕೆಟ್ಟದ್ದು ಅದರಿಂದ ಅವನು ತೆಗೆದ ತೀರ್ಮಾನ: ಸಾಯುವ ಸಂಭವವಿರುವ ಕಡೆಗೆ ಹೋಗಬಾರದು. ತಂಡದಲ್ಲಿ ಸಾಯುವ ಸಂಭವ ಎಲ್ಲಕ್ಕಿಂತ ಹೆಚ್ಚಾಗಿರುವುದು ಬಿದ್ದವನ ಪಕ್ಕದಲ್ಲಿ.

ನಾಲ್ವರಲ್ಲಿ ಚಿಕ್ಕವನು ಒಂಬತ್ತನೆಯ ತರಗತಿಯವನು. ಅವನ ಫೋನು ಹಳೆಯದು, ಹೊಡೆದಾಟದ ನಡುವೆ ನಿಂತು ನಿಂತು ಓಡುವಂಥದು. ಅದಕ್ಕೇ ನಾಯಕ ಅವನನ್ನು ಔಷಧ ಹೊರುವ, ಬಿದ್ದವರನ್ನು ಎತ್ತುವ ಕೆಲಸಕ್ಕೆ ಹಾಕಿದ್ದ. ಜೋಡಣೆಯ ಲೆಕ್ಕದಲ್ಲಿ ಅದು ಸರಿಯೇ. ಚಿಕ್ಕವನು ತಕರಾರಿಲ್ಲದೆ ಮಾಡಿದ. ನಾಯಕನನ್ನು ಎಷ್ಟು ಸಲ ಎತ್ತಿದನೋ ಲೆಕ್ಕವಿಟ್ಟವರಿಲ್ಲ. ಅವನ ಕೆ.ಡಿ. ಒಂದರ ಕೆಳಗೇ ಉಳಿಯಿತು, ಶಾಲೆಯಲ್ಲಿ ನಗೆಪಾಟಲಾಯಿತು. ಒಂದು ಸಂಜೆ ಅವನೇ ಬಿದ್ದ. "ಅಣ್ಣ, ಎತ್ತಣ್ಣ" ಎಂದ. ನಾಯಕ ಹತ್ತು ಹೆಜ್ಜೆ ದೂರದಲ್ಲಿ ಗೋಡೆಯ ಮರೆಯಲ್ಲಿದ್ದ, ಹೋಗಲಿಲ್ಲ. ಆ ಪಂದ್ಯದಲ್ಲಿ ಇನ್ನಿಬ್ಬರನ್ನು ಕೆಡವಿ ಕೊನೆಯವರೆಗೆ ಉಳಿದ. ಮಾರನೆಯ ದಿನ ಜಗಲಿಯ ಮೇಲೆ ಮೂರೇ ತಲೆಗಳಿದ್ದವು. ಅದರ ಮಾರನೆಯ ದಿನವೂ ಮೂರೇ.

ನೋಟ್‌ಬುಕ್ಕು ಅಪ್ಪನ ಕೈಗೆ ಸಿಕ್ಕಿದ್ದು ಅದೇ ವಾರ. ಲೆಕ್ಕ ಬಿಡಿಸಿದ್ದಾನೋ ಇಲ್ಲವೋ ನೋಡಲು ತೆರೆದರೆ ಕಂಡದ್ದು ಬೇರೆ.

"ಯಾರ್ಲಾ ಇವ್ಳು ಕೆಲ್ಲಿ?"

"ಆಟದಲ್ಲಿ ಬರೋಳು ಕನಪ್ಪ. ಜೋರಾಗಿ ಓಡ್ತಾಳೆ."

"ಅವ್ಳು ಓಡ್ಲಿ ಬುಡು. ಪರೀಕ್ಷೆ ಹತ್ರ ಬಂದದೆ, ನೀನ್ಯಾಕ್ಲಾ ಅವಳ ಹಿಂದೆ ಓಡೀಯ?"

ಇಂಥ ಮಾತು ಸಾಮಾನ್ಯವಾಗಿ ಫೋನು ಕಿತ್ತುಕೊಳ್ಳುವುದರಲ್ಲಿ ಮುಗಿಯುತ್ತದೆ. ಈ ಮನೆಯಲ್ಲಿ ಅಪ್ಪನಿಗೆ ಪಟ್ಟಿ ಏನೆಂದು ತಿಳಿಯುವ ಕುತೂಹಲ ಹುಟ್ಟಿತು. ಹುಡುಗ ಹೇಳುತ್ತ ಹೋದ. ಓಡುವವನು, ಗುರುತು ಹಾಕುವವನು, ಜೀವ ತುಂಬುವವನು. ಚಿಕ್ಕವನು ಬಾರದೆ ಇರುವುದನ್ನೂ ಹೇಳಿದ, ಏಕೆ ಎಂದು ಕೇಳಿದಾಗ ಅದನ್ನೂ ಹೇಳಿದ. ಅಪ್ಪನಿಗೆ ದ್ವೀಪ, ಕೆ.ಡಿ. ಯಾವುದೂ ತಲೆಗೆ ಹತ್ತಲಿಲ್ಲ. ಆದರೆ ನಾಲ್ವರು ಸೇರಿ ಕತ್ತಲಲ್ಲಿ ಎದುರಾಳಿಯನ್ನು ಎದುರಿಸುವ ವಿಚಾರ ಅವರಿಗೆ ಹೊಸದಲ್ಲ. ಹನೂರು ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ ಕಾವಲು ಶುರುವಾಗುತ್ತದೆ. ಒಂದು ಕಡೆ ಮಲೆಮಹದೇಶ್ವರ ವನ್ಯಧಾಮ, ಇನ್ನೊಂದು ಕಡೆ ಕಾವೇರಿ ವನ್ಯಧಾಮ. ಆನೆಗೆ ಸರ್ವೆ ಕಲ್ಲು ಯಾವ ಲೆಕ್ಕ?

"ನಾಕ್ ಜನ ಕಾವ್ಲಿಗೋದ್ರೆ ನಾಕ್ ಜನಾನೂ ಪಟಾಕಿ ಹಿಡ್ಕಂಡು ಓಡ್ತೀವಾ?" ಎಂದರು ಅಪ್ಪ. "ಒಬ್ಬ ಬ್ಯಾಟ್ರಿ ಬುಡ್ಬೇಕು, ಒಬ್ಬ ತಮಟೆ ಬಡೀಬೇಕು, ಇನ್ನೊಬ್ಬ ಸುಮ್ಕೆ ನಿಂತು ಆನೆ ಯಾವ್ ಕಡೆ ತಿರುಗ್ತದೆ ಅಂತ ನೋಡ್ಬೇಕು. ಬೆಳಗಾನ ಆನೆ ಓಡ್ಸದೋನು ಯಾರು ಅಂದ್ರೆ ಯಾರ ಹೆಸ್ರ ಹೇಳನ? ಓಡೋವಾಗ ಒಬ್ಬ ಎಡವಿ ಬಿದ್ದ ಅನ್ನು. ಬುಟ್ಟು ಬಂದ್ರೆ ನಾಳಿಕೆ ರಾತ್ರಿ ನಿನ್ ಜೊತೆ ಯಾರ್ಲಾ ಬತ್ತಾರೆ?"

ಹುಡುಗ ಉತ್ತರ ಕೊಡಲಿಲ್ಲ. ಉತ್ತರ ಅವನಿಗೆ ಎರಡು ದಿನದಿಂದ ಗೊತ್ತಿತ್ತು.

ಎಲ್ಲ ಮನೆಗಳಲ್ಲೂ ವಿಷಯ ಇಷ್ಟು ಸಲೀಸಾಗಿರುವುದಿಲ್ಲ. ಆಟದ ಅಂಗಡಿಯಲ್ಲಿ ಡೈಮಂಡ್ ಎಂಬ ನಾಣ್ಯವಿದೆ. ಅದು ಬರುವುದು ಅಪ್ಪನ ಅಥವಾ ಅಮ್ಮನ ಖಾತೆಯ ನಿಜವಾದ ದುಡ್ಡಿನಿಂದ. ಪಾತ್ರಗಳನ್ನೂ ಉಡುಪುಗಳನ್ನೂ ಅದರಿಂದ ಕೊಳ್ಳಬಹುದು. ಬಂದೂಕಿನ ಕೆಲವು ಬಣ್ಣದ ಹೊದಿಕೆಗಳು ಅಂದದ ಜೊತೆಗೆ ಏಟಿನ ಬಲವನ್ನೂ ಚೂರು ಹೆಚ್ಚಿಸುತ್ತವೆ. ದುಡ್ಡಿದ್ದವನ ಬಂದೂಕು ಹೆಚ್ಚು ಹೊಡೆಯುವ ಆಟವನ್ನು ಕೌಶಲದ ಆಟ ಎಂದು ಪೂರ್ತಿ ಒಪ್ಪುವುದು ಕಷ್ಟ. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಯ ಆಟಗಳಿಗೆ ಮನ್ನಣೆ ಕೊಟ್ಟಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸಿಗೆ ಪದಕಗಳೂ ಇದ್ದವು. ಇದನ್ನು ಕೇಳಿ ಜಗಲಿಯ ಪ್ರತಿ ಹುಡುಗನೂ ತಾನು ಪದಕದ ದಾರಿಯಲ್ಲಿದ್ದೇನೆ ಎಂದು ಅಪ್ಪನ ಮುಂದೆ ವಾದಿಸಬಲ್ಲ. ಅಪ್ಪಂದಿರು ಅದನ್ನು ಕ್ರಿಕೆಟ್ಟಿನ ಕಾಲದಿಂದಲೂ ಕೇಳಿದ್ದಾರೆ.

ಚಟವೋ ಆಟವೋ ಎಂದು ತಿಳಿಯಲು ವೈದ್ಯರು ನೋಡುವುದು ಗಂಟೆಗಳನ್ನಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೆ ಒಂದು ಜಾಗ ಸಿಕ್ಕಿದೆ, 2022ರಿಂದ ಅದು ಜಾರಿಯಲ್ಲಿದೆ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ ನಿದ್ದೆ ಓದು ಗೆಳೆತನ ಎಲ್ಲಕ್ಕಿಂತ ಆಟವೇ ಮುಂದಾಗುವುದು, ಕೇಡು ಕಣ್ಣಿಗೆ ಕಂಡರೂ ಮುಂದುವರಿಸುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ಅದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕಾಗಿ ಶಟ್ ಎಂಬ ಚಿಕಿತ್ಸಾಲಯ ಆರಂಭವಾಯಿತು. ಅಷ್ಟು ದೂರ ಹೋಗಲಾಗದವರು 14416 ಸಂಖ್ಯೆಯ ಟೆಲಿ-ಮಾನಸ್‌ಗೆ ದುಡ್ಡಿಲ್ಲದೆ ಕರೆ ಮಾಡಬಹುದು. ಬಂಡಳ್ಳಿಯ ಹುಡುಗನಿಗೆ ಅದರ ಅಗತ್ಯ ಬೀಳಲಿಲ್ಲ.

ಅವನು ಭಾನುವಾರ ಚಿಕ್ಕವನ ಮನೆಗೆ ಹೋದ. ಏನು ಮಾತಾಡಿದರೋ, ಅದು ಅವರಿಬ್ಬರಿಗೆ ಬಿಟ್ಟದ್ದು. ಸಂಜೆ ಜಗಲಿಯ ಮೇಲೆ ನಾಲ್ಕು ತಲೆಗಳಿದ್ದವು. ನೋಟ್‌ಬುಕ್ಕಿನ ಪಟ್ಟಿಯಲ್ಲಿ ಒಂದು ತಿದ್ದುಪಡಿಯಾಗಿತ್ತು: ಔಷಧ ಹೊರುವ ಕೆಲಸ ಇನ್ನು ಸರದಿಯ ಮೇಲೆ, ಮೊದಲ ವಾರ ನಾಯಕನದು. ಒಳ್ಳೆಯ ಫೋನು ಇರುವವನು ಆ ವಾರ ಚಿಕ್ಕವನಿಗೆ ತನ್ನ ಫೋನು ಕೊಡಬೇಕು. ಈ ಕೊನೆಯ ಕಲಮಿಗೆ ಒಳ್ಳೆಯ ಫೋನಿನ ಒಡೆಯ ಸಾಕಷ್ಟು ಗಲಾಟೆ ಮಾಡಿದ ಮೇಲೆ ಒಪ್ಪಿದ. ವಾರ ಮುಗಿಯುವ ಹೊತ್ತಿಗೆ ನಾಯಕನ ಕೆ.ಡಿ. ಅವನೇ ಹಾಕಿದ್ದ ಲೆಕ್ಕದಂತೆ ಎರಡೂವರೆಯ ಹತ್ತಿರಕ್ಕೆ ಇಳಿಯಿತು. ಶಾಲೆಯಲ್ಲಿ ಕೇಳಿದವರಿಗೆ ಹೇಳಲು ಅವನಿಗೆ ಇನ್ನೂ ಮುಜುಗರವೇ.

ಅಪ್ಪ ಮಗನ ನಡುವೆ ಚೌಕಾಸಿ ನಡೆದದ್ದು ಆಮೇಲೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಮೂರು ಪಂದ್ಯ ಬೇಕೆಂದ ಮಗ. ಒಂದೇ ಎಂದರು ಅಪ್ಪ. ಎರಡಕ್ಕೆ ಇತ್ಯರ್ಥವಾಯಿತು. ಎರಡಾದ ಮೇಲೆ ಫೋನು ಅವ್ವನ ಕೈಗೆ. ಕಾವಲಿನ ಸರದಿ ಬಂದ ದಿನ ಒಂದೂ ಇಲ್ಲ. ಅಪ್ಪನ ಕಡೆಯಿಂದಲೂ ಒಂದು ಮಾತು ಸಿಕ್ಕಿತು: ಎಷ್ಟೇ ಸಿಟ್ಟು ಬಂದರೂ ಪಂದ್ಯದ ನಡುವೆ ಫೋನು ಕಿತ್ತುಕೊಳ್ಳುವುದಿಲ್ಲ. ಕಿತ್ತುಕೊಂಡರೆ ಉಳಿದ ಮೂರು ಮನೆಯ ಹುಡುಗರು ನಡುನೀರಿನಲ್ಲಿ ನಿಲ್ಲುತ್ತಾರೆ ಎಂಬುದು ಈಗ ಅವರಿಗೂ ಗೊತ್ತು. ಒಂದು ಸಂಜೆ ಊಟಕ್ಕೆ ಕರೆಯಲು ಜಗಲಿಯ ಹತ್ತಿರ ಬಂದವರು ಬೈಯಲು ಬಾಯಿ ತೆರೆದು, ಮತ್ತೆ ಮುಚ್ಚಿ, ಕಂಬಕ್ಕೆ ಒರಗಿ ನಿಂತು ಕೇಳಿದರು:

"ಬಿದ್ದಿರೋನು ಯಾರ್ಲಾ? ಎತ್ತಿ ಆಯ್ತಾ?"