ಮಾಳಿಗೆ ಮೇಲಿನ ನೆಟ್

ತಂಗಿ ನೆಟ್ ಪರೀಕ್ಷೆಗೆ ಓದ್ತಿದ್ದಾಳೆ ಅಂದಾಗ ಅಪ್ಪ ಮೊದಲು ಕೇಳಿದ್ದು, “ನಮ್ಮ ಮನ್ಯಾಗ ನೆಟ್ ಎಲ್ಲಿ ಬರ್ತದ?” ಅಂತ. ಅವನ ಮಾತು ಪೂರ್ತಿ ತಪ್ಪೂ ಅಲ್ಲ. ಕೊಳಕೂರದ ನಮ್ಮ ಮನೆಯಲ್ಲಿ ಮಾಳಿಗೆ ಹತ್ತಿದರೇ ಸಿಗ್ನಲ್.

ಅದು ಆ ನೆಟ್ ಅಲ್ಲ, ಕಾಲೇಜು ಮಾಸ್ತರ್ ಆಗೋಕೆ ಬೇಕಾದ ಪರೀಕ್ಷೆ ಅಂತ ವಿವರಿಸಿದೆ.

“ಪಾಸಾದ್ರ ನೌಕರಿ ಕೊಡ್ತಾರ?”

“ಇಲ್ಲಪ್ಪ. ನೌಕರಿಗೆ ಅರ್ಜಿ ಹಾಕ್ಲಿಕ್ಕೆ ಅರ್ಹತೆ ಸಿಗ್ತದ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಇದೊಂದ್ ಸಲ ನೋಡೋಣು. ಆಗ್ಲಿಲ್ಲಂದ್ರ ಬಂದ ವರಕ್ಕ ಹೂಂ ಅಂತೀನಿ” ಅಂದ. ಅವಳು ಆಗಲೇ ಎರಡು ಸಲ ಕೆಲವೇ ಅಂಕಗಳಲ್ಲಿ ತಪ್ಪಿಸಿಕೊಂಡಿದ್ದಳು.

ಅಪ್ಪನನ್ನು ಮಾತ್ರ ದೂರುವುದು ಸರಿಯಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯದ ಎಂಎಗೆ ಸೇರ್ತೀನಿ ಅಂದಾಗ, “ಅದರಿಂದ ಏನ್ ಸಿಗುತ್ತೆ? ಬೆಂಗಳೂರಿಗೆ ಬಾ, ಟೆಸ್ಟಿಂಗ್ ಕೋರ್ಸ್ ಮಾಡಿಸ್ತೀನಿ” ಅಂದವನು ನಾನೇ. ಬಿಇ ಮುಗಿಸಿ ಹತ್ತು ವರ್ಷ ಕೋಡ್ ಬರೆದವನಿಗೆ ಎಲ್ಲರ ಬದುಕಿನ ರೋಡ್‌ಮ್ಯಾಪೂ ತನಗೆ ಗೊತ್ತು ಅನ್ನುವ ಸೊಕ್ಕು ಬಂದಿರುತ್ತೆ ನೋಡಿ. ಹಾಗಾಗಿ ಈ ಮೂರನೇ ಸಲ, ಪ್ರಾಯಶ್ಚಿತ್ತ ಅಂತಲೇ ಇಟ್ಟುಕೊಳ್ಳಿ, ಮೂರು ವಾರ ವರ್ಕ್ ಫ್ರಮ್ ಹೋಮ್ ತಗೊಂಡು ಊರಿಗೆ ಹೋದೆ. ಹೊಲದಲ್ಲಿ ತೊಗರಿ ಕಟಾವು. ಮಾಳಿಗೆ ಮೇಲೆ ಒಂದು ಮೂಲೆಯಲ್ಲಿ ನನ್ನ ಲ್ಯಾಪ್‌ಟಾಪ್, ಇನ್ನೊಂದು ಮೂಲೆಯಲ್ಲಿ ಅವಳ ಪುಸ್ತಕಗಳು.

ಪರೀಕ್ಷೆಯ ಲೆಕ್ಕ ನನಗೆ ಬೇಗ ಅರ್ಥವಾಯ್ತು. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ಮೊದಲ ಪತ್ರಿಕೆಯ 50 ಪ್ರಶ್ನೆ ಎಲ್ಲರಿಗೂ ಒಂದೇ, ಎರಡನೆಯ ಪತ್ರಿಕೆಯ 100 ಪ್ರಶ್ನೆ ಅವಳ ವಿಷಯದ್ದು. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಎರಡೂ ಪತ್ರಿಕೆ ಬರೆದವರಲ್ಲಿ ಶೇ 6ರಷ್ಟು ಮಂದಿಗೆ ಮಾತ್ರ ಅರ್ಹತೆ. “ಒಂದನ್ನೂ ಬಿಡಬೇಡ, ಗೊತ್ತಿಲ್ಲದಿದ್ರೂ ಟಿಕ್ ಮಾಡು” ಅಂತ ಉಪದೇಶಿಸಿದೆ. ಕಾಲಾನುಕ್ರಮದ ಪ್ರಶ್ನೆಗಳಿಗೆ ಎಕ್ಸೆಲ್ ಶೀಟ್ ಮಾಡಿಕೊಟ್ಟೆ. ಗಯಟೆ ‘ವಿಶ್ವಸಾಹಿತ್ಯ’ದ ಮಾತಾಡಿದ್ದು 1827. ಪೋಸ್ನೆಟ್ ಬರೆದ ಪುಸ್ತಕ 1886. ಟ್ಯಾಗೋರರ ‘ವಿಶ್ವಸಾಹಿತ್ಯ’ ಉಪನ್ಯಾಸ 1907. ಬುದ್ಧದೇವ ಬಸು ಜಾದವಪುರದಲ್ಲಿ ವಿಭಾಗ ಶುರು ಮಾಡಿದ್ದು 1956. ಈ ವಿಷಯವೇ ಬಿಕ್ಕಟ್ಟಿನಲ್ಲಿದೆ ಅಂತ ರೆನೆ ವೆಲೆಕ್ ಹೇಳಿದ್ದು 1958. ರೊಟ್ಟಿ ತಿನ್ನುವಾಗಲೂ ಕೇಳ್ತಿದ್ದೆ, ಅವಳು ಪಟಪಟ ಹೇಳ್ತಿದ್ದಳು.

ಆದರೆ ವಿಷಯ ಏನು ಅಂತ ನನಗೆ ತಲೆಗೆ ಹೋಗಿರಲಿಲ್ಲ. “ನಮ್ಮಲ್ಲಿ ಡಿಫ್ ಅಂತ ಟೂಲ್ ಇದೆ. ಎರಡು ಫೈಲ್ ಕೊಟ್ರೆ ಎಲ್ಲಿ ವ್ಯತ್ಯಾಸ ಇದೆ ಅಂತ ತೋರಿಸುತ್ತೆ. ಇದೂ ಅಷ್ಟೇ ತಾನೆ?” ಅಂದೆ.

“ಅಣ್ಣಾ, ನಿನ್ನ ಡಿಫ್ ಏನು ಬ್ಯಾರೆ ಅದ ಅಂತ ತೋರಸ್ತದ. ಯಾಕ ಬ್ಯಾರೆ ಆಯ್ತು ಅಂತ ಹೇಳ್ತದೇನು?”

ಉತ್ತರ ಇರಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಫ್ರೆಂಚ್ ಪಂಥದವರು ಯಾರಿಂದ ಯಾರಿಗೆ ಏನು ಹೋಯ್ತು, ಅಂದರೆ ಪ್ರಭಾವ, ಅದರ ಸಾಕ್ಷಿ ಹುಡುಕ್ತಾರೆ. ಸಂಪರ್ಕವೇ ಇಲ್ಲದ ಎರಡು ಕೃತಿಗಳನ್ನೂ ಪಕ್ಕಪಕ್ಕ ಇಟ್ಟು ಓದಬಹುದು ಅನ್ನೋದು ಅಮೆರಿಕನ್ ಪಂಥ. ಪ್ರಭಾವಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ, ನಮ್ಮ ಜಿಲ್ಲೆಯ ಮಳಖೇಡವೇ ಸಾಕು ಅಂದಳು. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆಯುವಾಗ ದಂಡಿಯ ‘ಕಾವ್ಯಾದರ್ಶ’ ಮುಂದಿತ್ತು. ಆದರೆ ಇದ್ದಂಗೇ ಎತ್ತಿಕೊಳ್ಳಲಿಲ್ಲ, ಕನ್ನಡಕ್ಕೆ ಯಾವುದು ಒಗ್ಗುತ್ತೆ, ಯಾವುದು ಒಗ್ಗಲ್ಲ ಅಂತ ಆರಿಸಿಕೊಂಡ. “ಸಂಸ್ಕೃತದ ಪ್ರಭಾವ ಅಂತ ಒಂದೇ ಮಾತಿನಾಗ ಮುಗಿಸಿದ್ರ ಆ ಆರಿಸಿದ ಕೆಲಸ ಕಾಣಂಗೇ ಇಲ್ಲ” ಅಂದಳು.

ಕೆಳಗೆ ಅವ್ವ ತೊಗರಿ ಹಸನು ಮಾಡುತ್ತಾ ಮೊಹರಂ ಪದ ಗುನುಗ್ತಿದ್ದಳು. ನಮ್ಮ ಕಡೆ ಅಲಾಯಿ ದೇವರ ಮುಂದೆ ಹಿಂದೂ ಮುಸ್ಲಿಂ ಅನ್ನದೆ ಹಾಡ್ತಾರೆ. ಅವ್ವನಿಗೆ ಹಸೇನ್ ಹುಸೇನರ ಕಥೆ ಪೂರ್ತಿ ಕನ್ನಡದಲ್ಲೇ ಗೊತ್ತು. ತಂಗಿ ಕೆಳಗೆ ಬೆರಳು ತೋರಿಸಿ ಕೇಳಿದಳು, “ಕರ್ಬಲಾ ನಡೆದದ್ದು 680ರಾಗ, ಇರಾಕಿನಾಗ. ಲಖನೌದ ಮೀರ್ ಅನೀಸ್ 19ನೇ ಶತಮಾನದಾಗ ಅದನ್ನ ಉರ್ದು ಮರ್ಸಿಯಾ ಮಾಡ್ದ. ಅನೀಸನ ಹೆಸರೇ ಕೇಳದ ಅವ್ವ ಅದೇ ಕಥಿಗೆ ಅಳ್ತಾಳ. ಇದು ಪ್ರಭಾವನೋ, ಸಾದೃಶ್ಯನೋ?”

ನಾನು ಎರಡೂ ಹೇಳಲಿಲ್ಲ. ನನಗೆ ನೆನಪಾಗಿದ್ದು ಬೇರೆ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ, ಹಾಸ್ಟೆಲ್‌ನಲ್ಲಿ ಇದೇ ಪದ ಬಾಯಿಗೆ ಬಂದು, ರೂಮಿನವರು ನಕ್ಕು, ಅವತ್ತಿಂದ ನಾನು ‘ಅದ’ ಬಿಟ್ಟು ‘ಇದೆ’ ಹಿಡಿದಿದ್ದು. ಈಗ ಆಫೀಸ್ ಕಾಲ್ ಮುಗಿದ ಮೇಲೂ ಅವ್ವನ ಜೊತೆ ‘ಇದೆ’ ಅಂತಲೇ ಬಾಯಿಗೆ ಬರುತ್ತೆ. ಯಾರಿಂದ ಏನು ತಗೊಂಡೆ ಅನ್ನುವ ಲೆಕ್ಕ ನನ್ನ ಹತ್ತಿರ ಪಕ್ಕಾ ಇತ್ತು. ಏನು ಬಿಟ್ಟೆ ಅನ್ನುವುದಕ್ಕೆ ಶೀಟ್ ಮಾಡಿರಲಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ನಾನೇ ಬೈಕಲ್ಲಿ ಕಲಬುರಗಿಗೆ ಕರೆದೊಯ್ದೆ. ಕಟ್ಟಿ ಸಂಗಾವಿ ಸೇತುವೆ ಮೇಲೆ, ಕೆಳಗೆ ಭೀಮಾ ಹರೀತಿರುವಾಗ, “ಪೋಸ್ನೆಟ್?” ಅಂದೆ. “ಸುಮ್ಮ ಗಾಡಿ ಹೊಡಿ ಅಣ್ಣಾ” ಅಂದಳು.

ಈ ಸಲ ಆಯ್ತು. ಆದರೆ ಸಿನಿಮಾದ ಹಾಗೆ ಎಲ್ಲ ಸುಖಾಂತ್ಯ ಅಂತ ಅಂದ್ಕೋಬೇಡಿ. ತೌಲನಿಕ ಸಾಹಿತ್ಯಕ್ಕೆ ಅಂತಲೇ ವಿಭಾಗ ಇರುವ ವಿಶ್ವವಿದ್ಯಾಲಯಗಳು ದೇಶದಲ್ಲಿ ಕೆಲವೇ. ಅವಳೀಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಸಂಬಳ ಬಂದಾಗ ಬಂತು. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ನೇಮಕಾತಿ ಪುಟವನ್ನು ದಿನಾ ನೋಡ್ತಾಳೆ. ವರಗಳ ಮಾತು ಮಾತ್ರ ಸದ್ಯಕ್ಕೆ ನಿಂತಿದೆ.

ಮೊನ್ನೆ ಊರಿಗೆ ಹೋದಾಗ ಅಪ್ಪ ಕಟ್ಟೆ ಮೇಲೆ ಕೂತು ಗೆಳೆಯನಿಗೆ ಹೇಳ್ತಿದ್ದ, “ನಮ್ಮ ಹುಡುಗಿ ಅರ್ಹ ಆಗ್ಯಾಳ.”

“ಯಾತಕ್ಕ?”

“ಅದನ್ನ ಆಮ್ಯಾಲೆ ಹೇಳ್ತಾರಂತ.”