ಜಾತ್ರೆಗಷ್ಟೇ ಬಂದ ಕಾರು

ನಮ್ಮಂಥ ಊರಿನ ಹೆಂಗಸರಿಗೆ ಕಾರೆಂದರೆ ಮದುವೆಗೆ ಬಾಡಿಗೆ ಹಿಡಿಯುವ ವಸ್ತು. ಇಲ್ಲವೇ ಮಗ ಕಂತಿನ ಮೇಲೆ ಕೊಂಡು ತಂದಾಗ ಗಾಲಿಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸುವ ವಸ್ತು. ಎಷ್ಟು ಜನ ಕೂಡಬಹುದು, ಡಿಕ್ಕಿಯಲ್ಲಿ ಅಕ್ಕಿಚೀಲ ಹಿಡಿಸುತ್ತದೆಯೇ, ಲೀಟರಿಗೆ ಎಷ್ಟು ಓಡುತ್ತದೆ, ನಾವು ಕೇಳುವುದು ಇಷ್ಟೇ. ಇಬ್ಬರೇ ಕೂಡುವ, ಹೊಟ್ಟೆ ನೆಲಕ್ಕೆ ತಾಗುವಂತಿರುವ, ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಕಾರುಗಳ ಗತಿ ಮುಂದೇನೋ ಎಂದು ನಾನು ಚಿಂತೆ ಮಾಡುತ್ತೇನೆ ಎಂದರೆ ನೀವು ನಗುತ್ತೀರಿ. ನಮ್ಮ ಮನೆಯವರೂ ನಕ್ಕರು. ಸ್ಕೂಟಿಯ ಹಿಂದೆ ಕೂತು ಸುಭಾಸ ರಸ್ತೆಗೆ ಹೋಗುವಾಗಲೇ ದೇವರ ಹೆಸರು ಹೇಳುವವಳು ನಾನು!

ಈ ಚಿಂತೆ ನನಗೆ ಅಂಟಿದ್ದು ಒಬ್ಬ ಹುಡುಗನಿಂದ. ಗಣಪತಿ ಮಾಡುವ ಚಿತ್ರಗಾರರ ಮನೆಯ ಹುಡುಗ. 2010ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಕೈಯಲ್ಲಿ ಸಮಾಜ ವಿಜ್ಞಾನ ಕಲಿಯುತ್ತಿದ್ದ. ಅವನ ನೋಟುಬುಕ್ಕಿನ ಒಳರಟ್ಟಿಗೆ ಪೇಪರಿನಿಂದ ಕತ್ತರಿಸಿದ ಒಂದು ಕಾರಿನ ಚಿತ್ರ ಅಂಟಿಸಿತ್ತು. ಇದೇನೋ ಎಂದರೆ, ‘ಜಾಗ್ವಾರ್ ರೀ ಅಕ್ಕೋರ. ಈಗ ಟಾಟಾದವರದು’ ಎಂದ. ತನ್ನ ಸೋದರಮಾವನದೇ ಎನ್ನುವಂಥ ಹೆಮ್ಮೆ.

ಹೆಮ್ಮೆಗೆ ಕಾರಣವಿತ್ತು ಅನ್ನಿ. ಬಸ್ಸು ಕಟ್ಟುವ ಟಾಟಾ ಕಾರ್ಖಾನೆ ನಮ್ಮ ಧಾರವಾಡದ ಮಗ್ಗುಲಲ್ಲೇ ಇದೆ. 2008ರ ಜನವರಿಯಲ್ಲಿ ಒಂದು ಲಕ್ಷದ ನ್ಯಾನೋ ತೋರಿಸಿದ ರತನ್ ಟಾಟಾ, ಅದೇ ವರ್ಷದ ಜೂನಿನ ಹೊತ್ತಿಗೆ ಬ್ರಿಟನ್ನಿನ ಜಾಗ್ವಾರ್ ಕಂಪನಿಯನ್ನು ಅಮೆರಿಕದ ಫೋರ್ಡ್‌ನವರಿಂದ ಕೊಂಡಿದ್ದರು. ಬ್ರಿಟಿಷರು ಆಳಿದ ನಾಡಿನವರು ಬ್ರಿಟಿಷರ ಕಾರಿನ ಕಂಪನಿ ಕೊಂಡರು ಎಂದು ನಾನೇ ಪಾಠದ ನಡುವೆ ಹೇಳಿದ್ದೆ. ಇತಿಹಾಸ ಕಲಿಸುವವರಿಗೆ ಇಂಥ ಅವಕಾಶ ದಿನವೂ ಸಿಗುವುದಿಲ್ಲ.

ಅವನು ಅಂಟಿಸಿಕೊಂಡಿದ್ದು ಸಿ-ಎಕ್ಸ್75 ಎಂಬ ಕಾರು. ಜಾಗ್ವಾರ್‌ಗೆ 75 ವರ್ಷ ತುಂಬಿದ ನೆನಪಿಗೆ 2010ರ ಪ್ಯಾರಿಸ್ ಮೋಟಾರ್ ಶೋದಲ್ಲಿ ತೋರಿಸಿದ್ದು. ಇಂಥವಕ್ಕೆ ಕಾನ್ಸೆಪ್ಟ್ ಕಾರು ಎನ್ನುತ್ತಾರೆ. ಮಾರುವುದಕ್ಕಲ್ಲ, ತೋರಿಸುವುದಕ್ಕೆ ಮಾಡಿದ್ದು. ‘ನಮ್ಮ ತಲೆಯಲ್ಲಿ ಇಂಥದೊಂದಿದೆ, ನೋಡಿ’ ಎಂದು ಕಂಪನಿಯವರು ಜಾತ್ರೆಯ ತೇರಿನಂತೆ ಸಿಂಗರಿಸಿ ನಿಲ್ಲಿಸುತ್ತಾರೆ. ಜನ ಮೂಗಿನ ಮೇಲೆ ಬೆರಳಿಟ್ಟರೆ ಮುಂದಿನ ಮಾತು. ಇಲ್ಲವಾದರೆ ಅದು ಗೋದಾಮಿಗೆ ಹೋಗುತ್ತದೆ.

ಆ ಕಾರಿನ ಹೊಟ್ಟೆಯಲ್ಲಿ ವಿಮಾನದ ಎಂಜಿನ್ನಿನ ಮರಿಗಳಂಥ ಎರಡು ಪುಟ್ಟ ಗ್ಯಾಸ್ ಟರ್ಬೈನ್‌ಗಳಿದ್ದವು. ಒಂದೊಂದರ ತೂಕ 35 ಕಿಲೋ. ಗೋದಿಹಿಟ್ಟಿನ ದೊಡ್ಡ ಚೀಲದಷ್ಟೂ ಇಲ್ಲ. ನಿಮಿಷಕ್ಕೆ 80,000 ಸುತ್ತು ತಿರುಗುವ ಇವು ವಿದ್ಯುತ್ತು ಹುಟ್ಟಿಸಿ ಬ್ಯಾಟರಿ ತುಂಬಬೇಕು. ಒಂದೊಂದು ಗಾಲಿಗೆ ಒಂದೊಂದರಂತೆ ನಾಲ್ಕು ಮೋಟಾರುಗಳು ಅದರಿಂದ ಓಡಬೇಕು. ಎಲ್ಲ ಸೇರಿ 778 ಹಾರ್ಸ್‌ಪವರ್. ನ್ಯಾನೋದ್ದು ಮೂವತ್ತೈದರ ಆಸುಪಾಸು. ನಾನು ಬಿ.ಎ. ಓದಿದವಳು, ನಮ್ಮ ವಿಜ್ಞಾನದ ಮೇಷ್ಟ್ರು ಕರಿಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ ಇಷ್ಟು ತಿಳಿಯಿತು. ತಿಳಿದ ಮೇಲೆ ನನಗೂ ಅದು ಬರೀ ಶ್ರೀಮಂತರ ಆಟಿಕೆ ಎನಿಸಲಿಲ್ಲ.

ಮುಂದಿನ ವರ್ಷ, 2011ರ ಮೇ ತಿಂಗಳಲ್ಲಿ, ಕಾರನ್ನು ನಿಜವಾಗಿಯೇ ಮಾಡುತ್ತೇವೆ ಎಂದು ಕಂಪನಿ ಸಾರಿತು. ಮಾಡುವುದು 250 ಮಾತ್ರ. ಬೆಲೆ 7ರಿಂದ 9 ಲಕ್ಷ ಪೌಂಡು, ಎಂದರೆ ಆಗಿನ ಲೆಕ್ಕದಲ್ಲೇ ಐದು ಕೋಟಿ ರೂಪಾಯಿಯ ಮೇಲೆ. ಓಟದ ಕಾರುಗಳ ವಿಲಿಯಮ್ಸ್ ತಂಡದವರು ಜೊತೆಗೂಡಿದರು. ಟರ್ಬೈನು ಅಲ್ಲಿಗೇ ಹೋಯಿತು. ಅದರ ಜಾಗಕ್ಕೆ 1.6 ಲೀಟರಿನ ಪೆಟ್ರೋಲ್ ಎಂಜಿನ್ನು ಬಂತು. ಪ್ರಯೋಗಕ್ಕೆಂದು ಐದು ಕಾರು ಓಡಿಸುವ ಹೊತ್ತಿಗೆ, 2012ರ ಡಿಸೆಂಬರಿನಲ್ಲಿ, ಇದು ಇಂಥ ಕಾರಿಗೆ ಕಾಲವಲ್ಲ ಎಂದು ಕೈಬಿಟ್ಟರು. ಜಗತ್ತಿನ ಹಣಕಾಸು ಸರಿಯಿಲ್ಲದಾಗ ಇದಕ್ಕೆ ಸುರಿಯುವ ದುಡ್ಡನ್ನು ಎಲ್ಲರೂ ಕೊಳ್ಳುವ ಕಾರುಗಳಿಗೆ ಹಾಕೋಣ ಎಂದು ಲೆಕ್ಕ. ಮನೆ ನಡೆಸುವ ನಮಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಮಗಳ ಫೀ ಕಟ್ಟುವ ತಿಂಗಳು ರೇಷ್ಮೆ ಸೀರೆ ಅಂಗಡಿಯಲ್ಲೇ ಉಳಿಯುತ್ತದೆ.

ಅದರ ಹಿಂದೆ ಒಂದು ಹಳೆಯ ಕಹಿಯೂ ಇತ್ತೆಂದು ನನಗೆ ಅನಿಸುತ್ತದೆ. 1987ರ ಕ್ರಿಸ್‌ಮಸ್ ರಜೆಯಲ್ಲಿ ಜಾಗ್ವಾರ್‌ನ ಮುಖ್ಯ ಎಂಜಿನಿಯರ್ ಜಿಮ್ ರ‍್ಯಾಂಡಲ್ ಮನೆಯಲ್ಲಿ ಕೂತು ರಟ್ಟಿನಿಂದ ಒಂದು ಕಾರಿನ ಮಾದರಿ ಕತ್ತರಿಸಿದರಂತೆ. ಕಂಪನಿಯ ಹತ್ತಾರು ಜನ ಸಂಜೆ ಹೊತ್ತು, ಶನಿವಾರ, ಸಂಬಳವಿಲ್ಲದೆ ಅವರೊಂದಿಗೆ ದುಡಿದರು. ‘ಶನಿವಾರದ ಕ್ಲಬ್ಬು’ ಎಂದೇ ಅವರಿಗೆ ಹೆಸರು. ಹಾಗೆ ಹುಟ್ಟಿದ ಎಕ್ಸ್‌ಜೆ220 ಕಾರನ್ನು 1988ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರದರ್ಶನದಲ್ಲಿ ನಿಲ್ಲಿಸಿದಾಗ ಜನ ಮುಗಿಬಿದ್ದರು. ಐವತ್ತು ಸಾವಿರ ಪೌಂಡು ಮುಂಗಡ ಕೊಟ್ಟು ಹೆಸರು ಬರೆಸಿದರು. ತೋರಿಸಿದ್ದು ಹನ್ನೆರಡು ಸಿಲಿಂಡರಿನ ಎಂಜಿನ್ನು, ನಾಲ್ಕೂ ಗಾಲಿಗೆ ಶಕ್ತಿ. 1992ರಲ್ಲಿ ಕೈಗೆ ಕೊಟ್ಟಿದ್ದು ಆರು ಸಿಲಿಂಡರು, ಹಿಂದಿನ ಎರಡೇ ಗಾಲಿಗೆ ಶಕ್ತಿ. ಬೆಲೆ ಮಾತ್ರ ಏರಿತ್ತು. ಅಷ್ಟರಲ್ಲಿ ಮಾರುಕಟ್ಟೆಯೂ ಬಿದ್ದು, ಹೆಸರು ಬರೆಸಿದವರಲ್ಲಿ ಕೆಲವರು ಕಾರು ಬೇಡವೆಂದು ಕೋರ್ಟಿಗೆ ಹೋದರು. ಹೆಣ್ಣು ತೋರಿಸಿ ಬೇರೆ ಹೆಣ್ಣು ಕೊಟ್ಟರೆ ಇನ್ನೇನಾದೀತು! ಆದರೆ ಕೊಟ್ಟ ಹೆಣ್ಣೂ ಸಾಮಾನ್ಯದವಳಲ್ಲ. ಅದೇ ವರ್ಷ ಇಟಲಿಯ ನಾರ್ದೋದಲ್ಲಿ ಗಂಟೆಗೆ 217 ಮೈಲಿ ಓಡಿ ದಾಖಲೆ ಮಾಡಿತು. ಆದರೂ ಮಾಡಿದ ಕಾರುಗಳ ಸಂಖ್ಯೆ ಮುನ್ನೂರು ಮುಟ್ಟಲಿಲ್ಲ. ಇಂದು ಅವನ್ನು ಹುಡುಕಿ ಕೊಳ್ಳುವವರಿದ್ದಾರೆ.

ತೋರಿಸಿದ್ದೆಲ್ಲ ಸಾಯುತ್ತದೆ ಎಂದೂ ಅಲ್ಲ. ಜರ್ಮನಿಯ ಪೋರ್ಷೆಯವರು ಅದೇ 2010ರಲ್ಲಿ ಜಿನೀವಾದಲ್ಲಿ 918 ಎಂಬ ಕಾರು ತೋರಿಸಿದರು. ಹೇಳಿದಂತೆ 2013ರಿಂದ 2015ರ ಒಳಗೆ ಸರಿಯಾಗಿ 918 ಕಾರು ಮಾಡಿ ಮುಗಿಸಿದರು. ನಮ್ಮವರ ಕತೆ ಹೀಗಾಗಲಿಲ್ಲ. ಟಾಟಾದವರು 2017ರಲ್ಲಿ ರೇಸ್ಮೋ ಎಂಬ ಇಬ್ಬರು ಕೂಡುವ ಚಿಕ್ಕ ಸ್ಪೋರ್ಟ್ಸ್ ಕಾರನ್ನು ಅದೇ ಜಿನೀವಾಕ್ಕೆ ಒಯ್ದರು. ರೆಕ್ಕೆಯಂತೆ ಮೇಲೆ ಏಳುವ ಬಾಗಿಲು, 1.2 ಲೀಟರಿನ ಎಂಜಿನ್ನು. ಖರ್ಚು ತಾಳುವುದಿಲ್ಲವೆಂದು ಮರುವರ್ಷವೇ ಅದನ್ನೂ ಬಿಟ್ಟರು. ಬಡವರ ಕಾರು ನ್ಯಾನೋ ತಯಾರಿಕೆಯೂ ಹೆಚ್ಚುಕಡಿಮೆ ಆಗಲೇ ನಿಂತಿತು. ಇನ್ನು ಜಿನೀವಾದ ಆ ಜಾತ್ರೆ? 1905ರಿಂದ ನಡೆದುಬಂದದ್ದನ್ನು 2024ರಲ್ಲಿ ಅಲ್ಲಿಯವರು ಮುಚ್ಚಿಯೇ ಬಿಟ್ಟರು.

ಇಷ್ಟೆಲ್ಲ ನಾನು ಹುಡುಕಿ ಓದಿದ್ದು ಹೋದ ವರ್ಷ, ಆ ಹುಡುಗ ಗಣೇಶನ ಹಬ್ಬಕ್ಕೆ ಊರಿಗೆ ಬಂದು ಹೋದ ಮೇಲೆ. ಅವನೀಗ ಪುಣೆಯ ಒಂದು ಕಂಪನಿಯಲ್ಲಿ ಮಣ್ಣಿನ ಕಾರು ಮಾಡುತ್ತಾನೆ. ನಗಬೇಡಿ, ಕಂಪ್ಯೂಟರು ಎಷ್ಟೇ ಬಂದರೂ ಹೊಸ ಕಾರನ್ನು ಪೂರ್ತಿ ಅಳತೆಯಲ್ಲಿ ಮಣ್ಣಿನಿಂದ ಮಾಡಿ ನೋಡುತ್ತಾರಂತೆ. ನಮ್ಮ ಹೊಲದ ಮಣ್ಣಲ್ಲ, ಮೇಣ ಬೆರೆತದ್ದು. ಬಿಸಿ ಮಾಡಿ ಮೆತ್ತಬೇಕು, ಆರಿದ ಮೇಲೆ ಹೆರೆಯಬೇಕು. ಅಪ್ಪನ ಕೈ ಮಗನಿಗೆ ಬಂದಿದೆ. ಎರಡು ವರ್ಷ ಒಂದು ಸ್ಪೋರ್ಟ್ಸ್ ಕಾರಿನ ಮೂತಿ ಮಾಡಿದನಂತೆ. ಒಂದು ಸೋಮವಾರ ಹೋಗಿ ನೋಡಿದರೆ ಮೇಲೆ ಬಟ್ಟೆ ಮುಚ್ಚಿತ್ತು. ಆ ಕಾರು ಬೇಡವಾಗಿತ್ತು.

ಅವನ ತಾಯಿಗೆ ಇದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಕನ್ಯೆ ನೋಡಲು ಹೋದಲ್ಲಿ ಬೀಗರಾಗುವವರು ‘ನೀವು ಮಾಡಿದ ಕಾರು ಯಾವುದ್ರೀ?’ ಎಂದು ಕೇಳಿದ್ದಾರೆ. ಇವನು ‘ಹೇಳೂ ಹಂಗಿಲ್ರೀ’ ಎಂದಿದ್ದಾನೆ. ಫೋಟೋ ಆದರೂ? ಅದೂ ತೋರಿಸುವಂತಿಲ್ಲ, ಕಂಪನಿಯ ಗುಟ್ಟು. ಹೇಳದ, ತೋರಿಸದ, ರಸ್ತೆಗೂ ಬಾರದ ಕಾರನ್ನು ಮಾಡಿದವನಿಗೆ ಹೆಣ್ಣು ಯಾರು ಕೊಡುತ್ತಾರೆ? ‘ಅಕ್ಕೋರ, ಇಲ್ಲೇ ಬಸ್ಸಿನ ಫ್ಯಾಕ್ಟರಿ ಐತೆಲ್ಲಾ, ಬಸ್ಸಾದರ ಕಣ್ಣಿಗೆ ಕಾಣತೈತಿ. ನೀವರ ಅವಗ ಹೇಳ್ರಿ’ ಎಂದು ಆಕೆ ನನ್ನ ಮನೆಗೇ ಬಂದಳು.

ನಾನು ಅವನಿಗೆ ಸಮಾಧಾನ ಹೇಳಹೊರಟಿದ್ದು ಅವನ ಅಪ್ಪನೆದುರು. ನಿಮ್ಮಪ್ಪ ವರ್ಷಾ ಗಣಪತಿ ಮಾಡಿ ನೀರಿಗೆ ಕಳಿಸುವುದಿಲ್ಲವೇ ಎನ್ನುವಷ್ಟರಲ್ಲಿ ಆ ಹಿರಿಯರು ಕೈಯಲ್ಲಿದ್ದ ಕುಂಚ ಕೆಳಗಿಟ್ಟರು. ‘ಅದು ಬ್ಯಾರೆ ಅಕ್ಕೋರ. ನಮ್ಮ ಗಣಪ್ಪ ಪೂಜಿ ಮಾಡಿಸ್ಕೊಂಡು ಹೊಕ್ಕಾನ. ಇವನ ಗಾಡಿಗೆ ಪೂಜಿನ ಆಗಲಿಲ್ಲ’ ಎಂದರು. ನಾನು ಆಡಲು ತಂದಿದ್ದ ಮಾತು ಅಲ್ಲಿಗೇ ನಿಂತಿತು.

ನನ್ನ ಮಟ್ಟಿಗೆ ಹೇಳುವುದಾದರೆ, ಐದು ಕೋಟಿಯ ಕಾರು ಬಂದರೆಷ್ಟು ಬಿಟ್ಟರೆಷ್ಟು. ಕೊಳ್ಳುವವರಿಗೆ ಬೇರೊಂದು ಕಾರು ಸಿಗುತ್ತದೆ. ನನಗೆ ಕಾಡುವುದು ಶನಿವಾರ ಬಂದು ದುಡಿದವರ ಮಾತು. ಈ ಕಾರುಗಳ ಕಾಲವೇ ಮುಗಿಯುತ್ತಿದೆ ಎನ್ನುವವರಿದ್ದಾರೆ. ಕ್ರೊಯೇಷಿಯಾದ ಮಾಟೆ ರಿಮಾಟ್ಸ್ ಎಂಬ ತರುಣ ಹಳೆಯ ಬಿಎಂಡಬ್ಲ್ಯು ಒಂದಕ್ಕೆ ಗ್ಯಾರೇಜಿನಲ್ಲಿ ವಿದ್ಯುತ್ ಮೋಟಾರು ಕೂಡಿಸಿ ಶುರುಮಾಡಿದವನು. 2011ರಲ್ಲಿ ತೋರಿಸಿದ ಅವನ ಕಾನ್ಸೆಪ್ಟ್ ಒನ್ ಕಾರನ್ನು ಮಾಡಿದ್ದು ಎಂಟೇ. ಆದರೆ ಹತ್ತು ವರ್ಷದಲ್ಲಿ ಅವನು ಬುಗಾಟಿಯಂಥ ಕಂಪನಿಯ ಚುಕ್ಕಾಣಿ ಹಿಡಿದ. ಅವನೇ 2024ರಲ್ಲಿ, ದೊಡ್ಡ ಶ್ರೀಮಂತರಿಗೆ ಸದ್ದಿಲ್ಲದ ವಿದ್ಯುತ್ ಕಾರು ಬೇಡವಾಗಿದೆ, ಅವರಿಗೆ ಎಂಜಿನ್ನಿನ ಗದ್ದಲವೇ ಬೇಕು ಎಂಬರ್ಥದ ಮಾತಾಡಿದ. ಕೀಲಿ ಕೊಡುವ ಎಚ್ಎಂಟಿ ಗಡಿಯಾರವನ್ನು ನಮ್ಮ ಮನೆಯವರು ಈಗಲೂ ಬಿಟ್ಟಿಲ್ಲ. ಹಾಗಾಗಿ ಇದು ನನಗೆ ಅರ್ಥವಾಗುತ್ತದೆ. ಆದರೆ ಹೊಗೆಗೆ ದಿನದಿನವೂ ಕಾನೂನು ಬಿಗಿಯಾಗುವಾಗ ಮಾಡುವವರು ಯಾವ ಕಡೆ ನೋಡಿ ಮಣ್ಣು ಮೆತ್ತಬೇಕು?

ಸಿ-ಎಕ್ಸ್75ನ ಕತೆ ಮಾತ್ರ 2012ಕ್ಕೆ ಮುಗಿಯಲಿಲ್ಲ. 2015ರ ‘ಸ್ಪೆಕ್ಟರ್’ ಎಂಬ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಖಳನಾಯಕ ರೋಮಿನ ಬೀದಿಗಳಲ್ಲಿ ಓಡಿಸಿಕೊಂಡು ಬರುವುದು ಅದೇ ಕಾರು. ಸಾಹಸದ ದೃಶ್ಯಕ್ಕೆಂದೇ ಬೇರೆ ಮಾಡಿದವು. ಮೈ ಅದರದು, ಎಂಜಿನ್ನು ಜಾಗ್ವಾರ್‌ನ ಬೇರೆ ಕಾರಿನದು. ಅದನ್ನು ಮೊದಲು ರೂಪಿಸಿದ ಇಯನ್ ಕ್ಯಾಲಮ್ ಜಾಗ್ವಾರ್ ಬಿಟ್ಟು ಸ್ವಂತ ಕಂಪನಿ ಮಾಡಿದರಲ್ಲ, ಅವರು ಆ ಸಿನಿಮಾದ ಕಾರುಗಳಲ್ಲೊಂದನ್ನು ಬಿಚ್ಚಿ, ತಿದ್ದಿ, 2024ರಲ್ಲಿ ಬ್ರಿಟನ್ನಿನ ರಸ್ತೆಯ ಮೇಲೆ ಕಾನೂನುಬದ್ಧವಾಗಿ ಓಡುವಂತೆ ಮಾಡಿದರು. ಜಾತ್ರೆಯಲ್ಲಿ ಕಂಡ ಹದಿನಾಲ್ಕು ವರ್ಷಕ್ಕೆ ಒಂದೇ ಒಂದು ಕಾರು!

ಇದನ್ನು ಹುಡುಗನಿಗೆ ಫೋನಿನಲ್ಲಿ ಹೇಳಿದೆ. ‘ಗೊತ್ತೈತ್ರಿ ಅಕ್ಕೋರ’ ಎಂದ. ಪುಣೆ ಬಿಟ್ಟಿಲ್ಲ. ಈಗ ಸಾಮಾನು ಸಾಗಿಸುವ ಒಂದು ಸಣ್ಣ ಗಾಡಿಯ ಮೂತಿ ಮಾಡುತ್ತಿದ್ದಾನಂತೆ. ಅದು ಖಂಡಿತ ರಸ್ತೆಗೆ ಬರುತ್ತದೆ, ಮುಂದಿನ ವರ್ಷ. ಈ ಸುದ್ದಿಯನ್ನು ಮಾರ್ಕೆಟ್ಟಿನಲ್ಲಿ ಸಿಕ್ಕ ಅವನ ತಾಯಿಗೆ ಹೇಳಿದರೆ ಆಕೆ ಮೆಂತ್ಯದ ಸೂಡು ಆರಿಸುತ್ತ, ‘ಹೋದ ವರ್ಷನೂ ಹಿಂಗ ಅಂದಿದ್ದ ಅವ’ ಎಂದಳು. ಆಮೇಲೆ, ‘ಸಾಮಾನಿನ ಗಾಡಿ ಅಂದ್ರ ನಮ್ಮ ಗಣಪ್ಪಗಳು ಹಿಡಸ್ತಾವೇನ್ರಿ ಅದರಾಗ?’ ಎಂದು ಕೇಳಿದಳು.